ಜಿಮ್ಮಿನ ಟೆಂಪೊ, ಎಪಿಎಂಸಿಯ ಟೆಂಪೊ: ಭಾರ ಎತ್ತುವ ವೇಗ ದೇಹಕ್ಕೆ ಏನು ಮಾಡುತ್ತದೆ?

ಗದಗ-ಬೆಟಗೇರಿಯಲ್ಲಿ ಟೆಂಪೊ ಅಂದ್ರೆ ಮೊದಲು ಕಣ್ಮುಂದೆ ಬರೋದು ಉಳ್ಳಾಗಡ್ಡಿ ಚೀಲ ಹೇರಿಕೊಂಡು ಎಪಿಎಂಸಿ ಕಡೆ ಹೊಂಟ ಗಾಡಿ. ಈಚೆಗೆ ಅದೇ ಶಬ್ದ ಜಿಮ್ಮಿನ ಹುಡುಗರ ಬಾಯಲ್ಲೂ ಕೇಳುತ್ತಿದೆ. ಅಲ್ಲಿ ಟೆಂಪೊ ಅಂದ್ರೆ ಭಾರವನ್ನು ಎತ್ತಿ ಇಳಿಸುವ ವೇಗ. "ಸಾವಕಾಶ ಇಳಸ್ರಿ, ಮೂರು ಎಣಸ್ರಿ" ಅನ್ನೋರದ್ದು ಒಂದು ಪಂಗಡ. "ಅದೆಲ್ಲಾ ಬ್ಯಾಡ, ಝಟ್ ಅಂತ ಎತ್ರಿ" ಅನ್ನೋರದ್ದು ಇನ್ನೊಂದು. ಇಬ್ಬರ ಹತ್ತಿರವೂ ಸಾಕ್ಷಿಗೆ ರೀಲ್ಸ್ ಇವೆ.

ಬೆಂಚ್ ಪ್ರೆಸ್ ಮಾಡುವಾಗ ಬಾರನ್ನು ಎದೆಯ ಮೇಲೆ ಪುಟಿಸಿ ಎತ್ತುವ ಚಟ ನನಗಿತ್ತು. ಅದರಿಂದ ಭುಜ ಹಿಡಿದು, ಅಂಗಿ ತೋಳು ಏರಿಸಿಕೊಳ್ಳೋಕೂ ವಾರಗಟ್ಟಲೆ ಒದ್ದಾಡಿದ ಮೇಲೆ ಈ ವಿಷಯ ಓದೋಕೆ ಕೂತೆ. ಓದುತ್ತ ಹೋದಂತೆ ಮೇಲಿನ ಎರಡು ಟೆಂಪೊಗಳಿಗೂ ನಂಟಿದೆ ಅನ್ನಿಸಿತು. ಜಿಮ್ಮಿನ ಹುಡುಗ ತನ್ನ ವೇಗವನ್ನು ತಾನೇ ಆರಿಸಿಕೊಳ್ಳುತ್ತಾನೆ. ಗಾಡಿಗೆ ಚೀಲ ಹೇರುವ ಹಮಾಲರಿಗೆ ಆ ಆಯ್ಕೆ ಇಲ್ಲ. ದೇಹದ ಮಟ್ಟಿಗೆ ಈ ವ್ಯತ್ಯಾಸ, ಮೂರು ಸೆಕೆಂಡೋ ಎರಡು ಸೆಕೆಂಡೋ ಅನ್ನುವ ಜಗಳಕ್ಕಿಂತ ದೊಡ್ಡದು.

ಮೊದಲು ಆ ಜಗಳ ಮುಗಿಸೋಣ.

ನಾಲ್ಕು ಅಂಕಿಯ ಲೆಕ್ಕ

ತರಬೇತುದಾರರು ಬರೆದುಕೊಡುವ ಚೀಟಿಯಲ್ಲಿ 3-1-1-0 ಅಂತ ಇದ್ದರೆ ಅದು ಒಂದು ರೆಪ್‌ನ ಸಮಯಸೂಚಿ. ಮೊದಲ ಅಂಕಿ ಭಾರ ಇಳಿಸುವ ಸೆಕೆಂಡುಗಳು, ಎರಡನೆಯದು ಕೆಳಗೆ ನಿಲ್ಲುವುದು, ಮೂರನೆಯದು ಎತ್ತುವುದು, ನಾಲ್ಕನೆಯದು ಮೇಲೆ ನಿಲ್ಲುವುದು. ಅಂಕಿಯ ಬದಲು 'ಎಕ್ಸ್' ಇದ್ದರೆ ಆದಷ್ಟು ಜೋರಾಗಿ ಎತ್ತು ಅಂತ ಅರ್ಥ. ಆಸ್ಟ್ರೇಲಿಯಾದ ಇಯಾನ್ ಕಿಂಗ್, ಕೆನಡಾದ ಚಾರ್ಲ್ಸ್ ಪೋಲಿಕ್ವಿನ್ ಎಂಬ ತರಬೇತುದಾರರಿಂದ ಈ ಬರವಣಿಗೆ ಜನಪ್ರಿಯವಾಯಿತು. ಹೊಸಬರು ಎಡವುವುದು ಒಂದೇ ಕಡೆ: ಡೆಡ್‌ಲಿಫ್ಟ್, ಪುಲ್-ಅಪ್ ಥರದವು ಎತ್ತುವುದರಿಂದಲೇ ಶುರುವಾದರೂ ಮೊದಲ ಅಂಕಿ ಇಳಿಸುವುದರದ್ದೇ.

ಗರಡಿಮನೆಯಲ್ಲಿ ಈ ಅಂಕಿಗಳಿರಲಿಲ್ಲ, ಲಯ ಇತ್ತು. ದಂಡ, ಬಸ್ಕಿ ಎರಡೂ ಉಸಿರಿನ ಲಯಕ್ಕೆ, ನೂರಾರು ಸಲ. ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವುದು ಮಾತ್ರ ಬೇರೆ ಜಾತಿಯದು. ಎದೆಗೋ ಹೆಗಲಿಗೋ ಏರಿಸಿದ ಮೇಲೆ ಕಲ್ಲನ್ನು ಯಾರೂ ಮೂರು ಎಣಿಸಿ ಇಳಿಸುವುದಿಲ್ಲ, ಎತ್ತಿ ಒಗೀತಾರೆ ಅಷ್ಟೇ. ವೇಟ್‌ಲಿಫ್ಟಿಂಗ್‌ನಲ್ಲೂ ಹಾಗೇ. ಕುಂದಾಪುರದ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಸ್ನ್ಯಾಚ್ 111, ಕ್ಲೀನ್ ಆ್ಯಂಡ್ ಜರ್ಕ್ 138, ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ ಆಟದಲ್ಲಿ ತೀರ್ಪುಗಾರರ ಸಂಕೇತ ಬಂದ ಮೇಲೆ ಬಾರ್ ನೇರ ನೆಲಕ್ಕೆ. ಅಂದರೆ ಇಳಿಸುವ ಹಂತವೇ ಹೆಚ್ಚುಕಮ್ಮಿ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

20 ಕೆ.ಜಿ. ಯಾವಾಗ 36 ಕೆ.ಜಿ. ಆಗುತ್ತದೆ

ನನ್ನ ಇಂಜಿನಿಯರಿಂಗ್ ಪದವಿ ಉಪಯೋಗಕ್ಕೆ ಬರುವ ಸಂದರ್ಭ ಅಪರೂಪ. ಬಂದಿದೆ, ಬಿಡೋದಿಲ್ಲ.

20 ಕೆ.ಜಿ. ಡಂಬೆಲ್ ಇದೆ, ಅದನ್ನು ಅರ್ಧ ಮೀಟರ್ ಮೇಲೆತ್ತಬೇಕು ಅಂದುಕೊಳ್ಳಿ. ಸಾವಕಾಶ ಎತ್ತಿ, ಬಿರುಸಾಗಿ ಎತ್ತಿ, ಮಾಡಿದ ಕೆಲಸ ಒಂದೇ: ಸುಮಾರು 98 ಜೂಲ್. 2 ಸೆಕೆಂಡಿನಲ್ಲಿ ಎತ್ತಿದರೆ ಸರಾಸರಿ ಪವರ್ 49 ವಾಟ್, ಅರ್ಧ ಸೆಕೆಂಡಿನಲ್ಲಿ ಎತ್ತಿದರೆ 196 ವಾಟ್. ಇದು ಪಿಯುಸಿ ಭೌತಶಾಸ್ತ್ರ.

ಆದರೆ ಕೈಗೆ ತಗಲುವ ಬಲ ಒಂದೇ ಅಲ್ಲ. ಅರ್ಧ ದಾರಿ ವೇಗ ಹೆಚ್ಚಿಸುತ್ತ, ಉಳಿದರ್ಧ ಕಡಿಮೆ ಮಾಡುತ್ತ ಎತ್ತಿದಿರಿ ಅಂತಿಟ್ಟುಕೊಂಡು ಲೆಕ್ಕ ಹಾಕಿದರೆ, 2 ಸೆಕೆಂಡಿನ ಎತ್ತುವಿಕೆಯಲ್ಲಿ ಆ ಡಂಬೆಲ್ ಮೊದಲರ್ಧದಲ್ಲಿ 21 ಕೆ.ಜಿ. ಇದ್ದಂತೆ, ಕೊನೆಯರ್ಧದಲ್ಲಿ 19 ಕೆ.ಜಿ. ಇದ್ದಂತೆ ಅನುಭವಕ್ಕೆ ಬರುತ್ತದೆ. ಹೆಚ್ಚುಕಡಿಮೆ ಸಮ. ಅರ್ಧ ಸೆಕೆಂಡಿನಲ್ಲಿ ಎತ್ತಿದರೆ? ಮೊದಲರ್ಧದಲ್ಲಿ 36 ಕೆ.ಜಿ., ಕೊನೆಯರ್ಧದಲ್ಲಿ 4 ಕೆ.ಜಿ.ಗೂ ಕಡಿಮೆ. ಸರಾಸರಿ ಅದೇ 20. ಆದರೆ ಶುರುವಿನಲ್ಲಿ ಗಂಟಿಗೆ, ಸ್ನಾಯುರಜ್ಜುವಿಗೆ ಬಿದ್ದ ಹೊಡೆತ ಸುಮಾರು ಎರಡು ಪಟ್ಟು, ಮೇಲ್ಭಾಗದಲ್ಲಿ ಸ್ನಾಯುವಿಗೆ ಹೆಚ್ಚು ಕೆಲಸವೇ ಇಲ್ಲ. ಬೀಸಿ ಎತ್ತುವವರಿಗೆ ಭಾರ 'ತಾನಾಗಿ' ಮೇಲೆ ಹೋದಂತೆ ಅನ್ನಿಸುವುದು ಇದಕ್ಕೇ.

ಇಳಿಸುವಾಗಲೂ ಅಷ್ಟೇ. ಬಿಟ್ಟು ಕೆಳಗೆ ಹಿಡಿದರೆ ಆ 36 ಕೆ.ಜಿ. ಕೆಳತುದಿಯಲ್ಲಿ, ಗಂಟು ಪೂರ್ತಿ ಚಾಚಿಕೊಂಡಿರುವ ಹೊತ್ತಿನಲ್ಲಿ ಬೀಳುತ್ತದೆ. ನನ್ನ ಭುಜದ ಕಥೆ ಇಷ್ಟೇ.

ಭೌತಶಾಸ್ತ್ರ ಇಲ್ಲಿಗೆ ಸಾಕಾಗುತ್ತದೆ, ದೇಹ ಸಾಕಾಗುವುದಿಲ್ಲ. ಡಂಬೆಲ್ ಹಿಡಿದು ಸುಮ್ಮನೆ ನಿಂತರೆ ಪುಸ್ತಕದ ಪ್ರಕಾರ ಮಾಡಿದ ಕೆಲಸ ಸೊನ್ನೆ. ಕೈ ನಡುಗುವುದು ಮಾತ್ರ ತಪ್ಪುವುದಿಲ್ಲ. ಸ್ನಾಯುವಿನ ಒಳಗೆ ಮಯೋಸಿನ್ ಎಂಬ ಪ್ರೋಟೀನಿನ ಸಣ್ಣ ಕೊಕ್ಕೆಗಳು ಆ್ಯಕ್ಟಿನ್ ಎಳೆಗಳನ್ನು ಹಿಡಿದು ಎಳೆಯುತ್ತ, ಬಿಡುತ್ತ, ಮತ್ತೆ ಹಿಡಿಯುತ್ತ ಇರುತ್ತವೆ. ಪ್ರತಿ ಸಲ ಬಿಡಿಸಿಕೊಳ್ಳಲು ಎಟಿಪಿ ಎಂಬ ಇಂಧನ ಬೇಕು. ಸ್ನಾಯು ಬೇಗ ಬೇಗ ಕುಗ್ಗಿದಷ್ಟೂ ಒಂದೇ ಹೊತ್ತಿಗೆ ಹಿಡಿದಿರುವ ಕೊಕ್ಕೆಗಳು ಕಡಿಮೆಯಾಗಿ, ಬಲ ಕುಸಿಯುತ್ತದೆ. ಬ್ರಿಟನ್ನಿನ ಎ.ವಿ. ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುವಿನ ಮೇಲೆ ಪ್ರಯೋಗ ಮಾಡಿ ಬಲ-ವೇಗದ ಈ ಸಂಬಂಧಕ್ಕೆ ಸಮೀಕರಣ ಕೊಟ್ಟರು. ಭಾರೀ ತೂಕವನ್ನು ಯಾರೂ ಜೋರಾಗಿ ಎತ್ತಲಾರರು ಅನ್ನುವುದರ ಕಾರಣ ಅಲ್ಲಿದೆ.

ಕಪ್ಪತಗುಡ್ಡ ಇಳಿದವರ ತೊಡೆ

ಇಳಿಸುವ ಹಂತದ ಗಮ್ಮತ್ತೇ ಬೇರೆ. ಮುಂಡರಗಿ ಕಡೆಯಿಂದಲೋ ಶಿರಹಟ್ಟಿ ಕಡೆಯಿಂದಲೋ ಕಪ್ಪತಗುಡ್ಡ ಹತ್ತಿ ಬಂದವರನ್ನು ಕೇಳಿ ನೋಡಿ. ಹತ್ತುವಾಗ ಏದುಸಿರು, ಇಳಿಯುವಾಗ ಹರಟೆ. ಆದರೆ ಮರುದಿನ ತೊಡೆ ಹಿಡಿದುಕೊಂಡು ಕಟ್ಟೆ ಇಳಿಯಲಾರದೆ ಒದ್ದಾಡುವುದು ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ. ಇಳಿಯುವಾಗ ತೊಡೆಯ ಸ್ನಾಯು ಬಿಗಿ ಹಿಡಿದಿರುವಾಗಲೇ ಉದ್ದವಾಗುತ್ತ ಹೋಗುತ್ತದೆ, ಬ್ರೇಕ್ ಹಾಕಿದಂತೆ. ಕೊಕ್ಕೆಗಳನ್ನು ಹೊರಗಿನ ಬಲವೇ ಕಿತ್ತು ಬಿಡಿಸುವುದರಿಂದ ಇಂಧನ ಕಡಿಮೆ ಸಾಕು, ಆದರೆ ಎಳೆಗಳಿಗೆ ಸಣ್ಣ ಸಣ್ಣ ಹಾನಿ ಆಗುತ್ತದೆ. ಆ ಬ್ಯಾನಿ 24ರಿಂದ 72 ಗಂಟೆಯೊಳಗೆ ಜೋರಾಗಿ, ಆಮೇಲೆ ಇಳಿಯುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಅದೇ ಗುಡ್ಡ ಹತ್ತಿ ಇಳಿದರೆ ಬ್ಯಾನಿ ಗಣನೀಯವಾಗಿ ಕಡಿಮೆ. ದೇಹ ಒಂದೇ ಸಲಕ್ಕೆ ಪಾಠ ಕಲಿಯುತ್ತದೆ.

ಇದರ ಮೇಲೆ 1952ರಲ್ಲಿ ಲಂಡನ್ನಿನಲ್ಲಿ ಒಂದು ಚಂದದ ಪ್ರಯೋಗ ನಡೆಯಿತು. ಸೈಕಲ್ ಪಟುಗಳಿಗೆ ಹೆಸರಾದ ನಮ್ಮ ಜಿಲ್ಲೆಯವರು ಇದನ್ನು ಮೆಚ್ಚಲೇಬೇಕು. ಆ್ಯಬಟ್, ಬಿಗ್‌ಲ್ಯಾಂಡ್, ರಿಚಿ ಎಂಬ ಮೂವರು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಇಟ್ಟು ಚೈನ್‌ನಿಂದ ಜೋಡಿಸಿದರು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯಬೇಕು. ಇಬ್ಬರ ಕಾಲಿನ ಮೇಲೂ ಬಲ ಒಂದೇ. ಆದರೆ ತಡೆಯುವವರು ಬಳಸಿದ ಆಮ್ಲಜನಕ ತುಳಿಯುವವರಿಗಿಂತ ಎಷ್ಟೋ ಕಡಿಮೆ. ಸಣ್ಣ ಮೈಯ ಹೆಣ್ಣುಮಗಳೊಬ್ಬಳು ದೊಡ್ಡ ಗಂಡಸನ್ನು ತಡೆದು ತಡೆದು ಸುಸ್ತು ಮಾಡಿದ ಪ್ರಾತ್ಯಕ್ಷಿಕೆಯೂ ಆಯಿತು.

ಎತ್ತಲಾರದ ಭಾರವನ್ನೂ ಇಳಿಸಬಲ್ಲೆವು ಅನ್ನುವುದು ಇದರ ಇನ್ನೊಂದು ಮುಖ. ಒಂದೂ ಪುಲ್-ಅಪ್ ಬಾರದವರು ಸ್ಟೂಲ್ ಮೇಲಿಂದ ಬಾರ್ ಹಿಡಿದು ಸಾವಕಾಶ ಇಳಿಯುತ್ತ ಅಭ್ಯಾಸ ಮಾಡಿದರೆ, ಕ್ರಮೇಣ ಮೇಲೇರುವ ಶಕ್ತಿಯೂ ಬರುತ್ತದೆ. ಹಿಮ್ಮಡಿಯ ಹಿಂದಿನ ಅಕಿಲಿಸ್ ರಜ್ಜು ನೋಯುವ ಓಟಗಾರರಿಗೆ ಸ್ವೀಡನ್ನಿನ ಆಲ್ಫ್ರೆಡ್ಸನ್ 1998ರಲ್ಲಿ ಕೊಟ್ಟ ಚಿಕಿತ್ಸೆಯೂ ಇಳಿಸುವುದೇ: ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ಕೆಳಗಿಳಿಸುವುದು, 15ರ ಮೂರು ಸೆಟ್, ದಿನಕ್ಕೆರಡು ಹೊತ್ತು, 12 ವಾರ.

ಒಂದು ಎಚ್ಚರಿಕೆ. ಹೊಸಬರಿಗೆ ಮೊದಲ ದಿನವೇ "ಐದು ಎಣಿಸಿ ಇಳಸು" ಅಂತ ನೂರು ಬಸ್ಕಿ ಹೊಡೆಸುವ ತರಬೇತುದಾರರಿದ್ದಾರೆ. ಅತಿಯಾದರೆ ಸ್ನಾಯು ಕರಗಿ ಅದರ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊಡೆತ ಬೀಳಬಹುದು. ಇದಕ್ಕೆ ರ್‍ಯಾಬ್ಡೊಮಯೊಲಿಸಿಸ್ ಅಂತಾರೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ, ನೀರು ಕುಡಿಯದೆ ಮಾಡಿದರೆ ಅಪಾಯ ಇನ್ನೂ ಹೆಚ್ಚು.

ಹಾಗಾದ್ರೆ ಸ್ನಾಯು ಬೆಳೆಯೋದು ಯಾವ ವೇಗಕ್ಕೆ?

ಸಾವಕಾಶದ ಪಂಥ ಶುರುವಾದದ್ದು ಅಮೆರಿಕದ ಫ್ಲೋರಿಡಾದಲ್ಲಿ. 1980ರ ದಶಕದ ಆರಂಭದಲ್ಲಿ ಕೆನ್ ಹಚಿನ್ಸ್ ಎಂಬವರು ಮೂಳೆ ಸವೆತದ ಮಹಿಳೆಯರಿಗೆ ಅಪಾಯವಾಗದಂತೆ ವ್ಯಾಯಾಮ ಮಾಡಿಸಲು ಒಂದೊಂದು ಸಲ ಎತ್ತಲು 10 ಸೆಕೆಂಡ್ ಹಿಡಿಯುವ 'ಸೂಪರ್ ಸ್ಲೋ' ಪದ್ಧತಿ ರೂಪಿಸಿದರು. ಕಾರಣ ಸರಿಯಾಗಿಯೇ ಇತ್ತು. ಆಮೇಲೆ ಅದು ಎಲ್ಲರಿಗೂ ಎಲ್ಲದಕ್ಕೂ ಮದ್ದು ಅಂತ ಮಾರಾಟಕ್ಕೆ ಬಂತು.

2015ರಲ್ಲಿ ಶೋನ್‌ಫೆಲ್ಡ್, ಆಗ್ಬಾರ್ನ್, ಕ್ರೀಗರ್ ಎಂಬ ಸಂಶೋಧಕರು ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದರು. ಒಂದು ರೆಪ್ ಅರ್ಧ ಸೆಕೆಂಡಿನಿಂದ 8 ಸೆಕೆಂಡ್‌ವರೆಗೆ ಎಷ್ಟೇ ಹಿಡಿಯಲಿ, ಸ್ನಾಯುವಿನ ಬೆಳವಣಿಗೆ ಹೆಚ್ಚುಕಡಿಮೆ ಒಂದೇ. 10 ಸೆಕೆಂಡ್ ದಾಟಿದರೆ ಫಲ ಕಡಿಮೆ ಆಗುವಂತೆ ಕಂಡಿತು. ಕಾರಣ ಸರಳ: ಅಷ್ಟು ಸಾವಕಾಶ ಮಾಡಬೇಕಾದರೆ ಬಹಳ ಹಗುರ ತೂಕ ಹಿಡಿಯಬೇಕು. ಈ ಫಲಿತಾಂಶಕ್ಕೆ ಒಂದು ಷರತ್ತಿದೆ. ಸೆಟ್ ಇನ್ನು ಆಗದು ಅನ್ನುವ ಹಂತದ ಹತ್ತಿರಕ್ಕೆ ಹೋಗಬೇಕು. ದಣಿದಷ್ಟೂ ಮೆದುಳು ದೊಡ್ಡ ಸ್ನಾಯುತಂತುಗಳನ್ನು ಕೆಲಸಕ್ಕೆ ಕರೆಯುತ್ತದೆ. ಬೆಳೆಯುವ ಅವಕಾಶ ಹೆಚ್ಚಿರುವುದು ಅವಕ್ಕೇ.

ಸಾವಕಾಶದ ಪರವಾಗಿ ಆಗಾಗ ತೋರಿಸುವ ಒಂದು ಪ್ರಯೋಗವಿದೆ. 2012ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು, ಎತ್ತಬಲ್ಲ ಗರಿಷ್ಠ ಭಾರದ ಶೇ. 30ರಷ್ಟು ಇಟ್ಟು ಕಾಲಿನ ವ್ಯಾಯಾಮ ಮಾಡಿಸಿದರು. ಒಂದು ಕಾಲಿಗೆ 6 ಸೆಕೆಂಡ್ ಎತ್ತು, 6 ಸೆಕೆಂಡ್ ಇಳಿಸು. ಇನ್ನೊಂದಕ್ಕೆ 1 ಮತ್ತು 1. ಮರುದಿನ ಸಾವಕಾಶದ ಕಾಲಿನಲ್ಲಿ ಸ್ನಾಯು ಪ್ರೋಟೀನಿನ ಉತ್ಪಾದನೆ ಹೆಚ್ಚಿತ್ತು. ರೀಲ್ಸ್‌ನಲ್ಲಿ ಹೇಳದ ವಿಷಯ: ಸಾವಕಾಶದ ಕಾಲು ಸೋಲುವವರೆಗೆ ಮಾಡಿತು. ಬಿರುಸಿನ ಕಾಲು ಅಷ್ಟೇ ಸಂಖ್ಯೆಯ ರೆಪ್ ಮಾಡಿ ನಿಲ್ಲಿಸಿತು, ಅದಕ್ಕೆ ದಣಿವೇ ಆಗಿರಲಿಲ್ಲ. ಗೆದ್ದದ್ದು ನಿಧಾನವೋ ದಣಿವೋ ಅಂತ ಆ ಪ್ರಯೋಗವೊಂದರಿಂದ ಹೇಳಲಾಗದು.

ಶಕ್ತಿಯ ಮಾತು ಬೇರೆ. ಭಾರೀ ತೂಕ ಎತ್ತುವ ಶಕ್ತಿ ಬೇಕಾದರೆ ಭಾರೀ ತೂಕವನ್ನೇ ಎತ್ತಬೇಕು. ಅದು ಹೇಗೂ ನಿಧಾನವಾಗಿಯೇ ಮೇಲೇಳುತ್ತದೆ. ಆದರೆ ಜೋರಾಗಿ ಎತ್ತುತ್ತೇನೆ ಅನ್ನುವ ಮನಸ್ಸಿನ ಪ್ರಯತ್ನಕ್ಕೇ ನರಮಂಡಲ ಸ್ಪಂದಿಸುತ್ತದೆ ಅಂತ ಬೆಹ್ಮ್ ಮತ್ತು ಸೇಲ್ 1993ರಲ್ಲಿ ತೋರಿಸಿದರು. ಹಾಗಾಗಿ ಇಳಿಸುವಾಗ ಹಿಡಿತ, ಎತ್ತುವಾಗ ಬಿರುಸು. ನಾನು ಈಗ ಪಾಲಿಸುವುದು ಇದನ್ನೇ, ಎಣಿಸುವುದು ಬಿಟ್ಟಿದ್ದೇನೆ. ಹೊಸ ವ್ಯಾಯಾಮ ಕಲಿಯುವಾಗ, ನೋವಿನಿಂದ ಚೇತರಿಸಿಕೊಳ್ಳುವಾಗ, ಅಥವಾ ಮನೆಯಲ್ಲಿ ಎರಡು ನೀರಿನ ಕ್ಯಾನ್ ಬಿಟ್ಟು ಬೇರೆ ತೂಕ ಇಲ್ಲದಾಗ ಎಣಿಕೆ ಉಪಯೋಗಕ್ಕೆ ಬರುತ್ತದೆ.

ಬಿರುಸು ಹುಡುಗರಿಗಷ್ಟೇ ಅಂದುಕೊಳ್ಳಬೇಡಿ. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ಬಸ್ಸಿನ ಮೊದಲ ಮೆಟ್ಟಿಲು ಏರಲು ಅಜ್ಜಿಯೊಬ್ಬರು ಕಂಬಿ ಹಿಡಿದು ಮೂರು ಸಲ ಪ್ರಯತ್ನಿಸುವುದನ್ನು ನೋಡಿರುತ್ತೀರಿ. ವಯಸ್ಸಾದಂತೆ ಶಕ್ತಿಗಿಂತ ಮೊದಲು, ಅದಕ್ಕಿಂತ ಬೇಗ ಕುಸಿಯುವುದು ಶಕ್ತಿಯನ್ನು ಥಟ್ಟನೆ ಬಳಸುವ ಸಾಮರ್ಥ್ಯ. ಮುಗ್ಗರಿಸಿದಾಗ ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾದದ್ದೂ ಅದೇ. ಕುರ್ಚಿಯಿಂದ ಬೇಗ ಏಳುವುದು, ಸಾವಕಾಶ ಕೂರುವುದು ಅವರಿಗೆ ಒಳ್ಳೆಯ ಅಭ್ಯಾಸ. ಬಿಪಿ ಇದ್ದವರು ಉಸಿರು ಬಿಗಿ ಹಿಡಿದು ಮಾತ್ರ ಎತ್ತಬಾರದು. 1985ರಲ್ಲಿ ಮ್ಯಾಕ್‌ಡೂಗಲ್ ತಂಡ ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗೇ ಒತ್ತಡ ಅಳೆದಾಗ, ಎರಡೂ ಕಾಲಿನ ಲೆಗ್ ಪ್ರೆಸ್‌ನಲ್ಲಿ ಸರಾಸರಿ ಗರಿಷ್ಠ 320/250 ಬಂದಿತ್ತು. ಸಾಮಾನ್ಯ ಬಿಪಿ 120/80 ಅನ್ನುವುದನ್ನು ನೆನಪಿಸಿಕೊಳ್ಳಿ.

ಚೀಲಕ್ಕಿಷ್ಟು

ಈಗ ಇನ್ನೊಂದು ಟೆಂಪೊಗೆ ಬರೋಣ. ಗದಗ, ಲಕ್ಷ್ಮೇಶ್ವರ, ಮುಂಡರಗಿಯ ಮಾರುಕಟ್ಟೆಗಳಲ್ಲಿ ಹೆಸರು, ಶೇಂಗಾ, ಗೋವಿನಜೋಳ ಬರುವ ಸುಗ್ಗಿಯಲ್ಲಿ ನಿಂತು ನೋಡಿದರೆ ಮೇಲೆ ಹೇಳಿದ್ದೆಲ್ಲ ಅಲ್ಲಿ ತಲೆಕೆಳಗಾಗಿರುತ್ತದೆ. ಜಿಮ್ಮಿನಲ್ಲಿ ಸೆಟ್ ನಡುವೆ ಎರಡು ನಿಮಿಷ ವಿಶ್ರಾಂತಿ, ಕಾಲಿನ ದಿನ ಆದ ಮೇಲೆ ಎರಡು ದಿನ ಬಿಡುವು. ಇಲ್ಲಿ ಲಾರಿ ಕಾಯುತ್ತಿದೆ. ಕೂಲಿ ಚೀಲದ ಲೆಕ್ಕದಲ್ಲಿ. ಬೇಗ ಎತ್ತಿದರೆ ಹೆಚ್ಚು ಚೀಲ, ಹೆಚ್ಚು ಚೀಲ ಎತ್ತಿದರೆ ಹೆಚ್ಚು ದುಡ್ಡು. ಒಬ್ಬರು ದಿನಕ್ಕೆ 50 ಕೆ.ಜಿ.ಯ 100 ಚೀಲ ಹೊತ್ತರೆ 5 ಟನ್ ಆಯಿತು.

ಈ ಎತ್ತುವಿಕೆಯ ಸ್ವರೂಪ ಗುಂಡುಕಲ್ಲಿನದೇ: ಬೀಸಿ ಏರಿಸು, ಒಗೆ. ಶುರುವಿನ ಹೊಡೆತ ಮೇಲಿನ ಡಂಬೆಲ್ ಲೆಕ್ಕದಂತೆ ಭಾರದ ಸುಮಾರು ಎರಡು ಪಟ್ಟಾಗಬಹುದು. ಸೊಂಟ ತಿರುಚಿದಾಗ ಬೆನ್ನೆಲುಬಿನ ಡಿಸ್ಕ್‌ಗೆ ಅದು ಇನ್ನೂ ಕೆಟ್ಟದ್ದು. ಕಲ್ಲೆತ್ತುವ ಪೈಲ್ವಾನನಿಗೆ ಅದು ಜಾತ್ರೆಗೊಮ್ಮೆ. ಹಮಾಲರಿಗೆ ಅದು ನಿಮಿಷಕ್ಕೆ ಹಲವು ಸಲ.

ವೇಗಕ್ಕೂ ಭಾರಕ್ಕೂ ಇರುವ ನಂಟನ್ನು ಅಂಕಿಯಲ್ಲಿ ಹೇಳುವ ಸೂತ್ರವೊಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ನಯೋಷ್ ಬಳಿ ಇದೆ, 1991ರಲ್ಲಿ ಪರಿಷ್ಕೃತವಾದದ್ದು. ಭಾರ ಮೈಗೆ ಹತ್ತಿರ, ಸೊಂಟದ ಎತ್ತರ, ತಿರುಚುವುದಿಲ್ಲ, ಒಳ್ಳೆಯ ಹಿಡಿಕೆ. ಇಷ್ಟೆಲ್ಲ ಸರಿಯಿದ್ದು ಅಪರೂಪಕ್ಕೆ ಎತ್ತುವುದಾದರೆ ಅದರ ಪ್ರಕಾರ ಮಿತಿ 23 ಕೆ.ಜಿ. ನಿಮಿಷಕ್ಕೆ 5 ಸಲ, ಒಂದು ಗಂಟೆಯೊಳಗೆ ಮುಗಿಯುವ ಕೆಲಸವಾದರೆ ಸುಮಾರು 18 ಕೆ.ಜಿ. ಅದೇ ವೇಗದಲ್ಲಿ ದಿನವಿಡೀ 8 ಗಂಟೆ ಆದರೆ ಬರೀ 8 ಕೆ.ಜಿ. ಹೊತ್ತು ನಡೆಯುವುದಕ್ಕೆ, ಇಬ್ಬರು ಎತ್ತಿ ಒಬ್ಬರ ಬೆನ್ನಿಗಿಡುವುದಕ್ಕೆ ಈ ಸೂತ್ರ ನೇರವಾಗಿ ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೂ 8 ಮತ್ತು 50ರ ನಡುವಿನ ಅಂತರ ನೋಡ್ರಿ.

"ಹಮಾಲರಿಗೆ ಜಿಮ್ ಯಾಕೆ, ಅವರು ದಿನಾ ವ್ಯಾಯಾಮ ಮಾಡ್ತಾರಲ್ಲ" ಅನ್ನುವ ಮಾತು ನಾವೆಲ್ಲ ಕೇಳಿದ್ದೇವೆ. ವಿಜ್ಞಾನಿಗಳ ನಡುವೆ ಇದರ ಮೇಲೆ ನಿಜವಾದ ಜಗಳವಿದೆ. 2018ರಲ್ಲಿ ಹಲವು ದೇಶಗಳ 1.9 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಮಾಡಿದ ಅಧ್ಯಯನ, ಕೆಲಸದಲ್ಲಿ ಹೆಚ್ಚು ದೈಹಿಕ ಶ್ರಮವಿರುವ ಗಂಡಸರಿಗೆ ಅಕಾಲ ಸಾವಿನ ಅಪಾಯ ಶೇ. 18ರಷ್ಟು ಹೆಚ್ಚು ಅಂದಿತು. 2021ರಲ್ಲಿ ನಾರ್ವೆಯ ದೊಡ್ಡ ಅಧ್ಯಯನವೊಂದು ಶಿಕ್ಷಣ, ಆದಾಯ, ಧೂಮಪಾನ ಇತ್ಯಾದಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಹೆಚ್ಚಳ ಕಾಣಲಿಲ್ಲ ಅಂದಿತು. ಅಂದರೆ ಕೊಲ್ಲುವುದು ಶ್ರಮವೋ, ಶ್ರಮದ ಜೊತೆಗೆ ಬರುವ ಬಡತನವೋ ಅನ್ನುವುದು ಇನ್ನೂ ಚರ್ಚೆಯಲ್ಲಿದೆ. ಹಮಾಲರ ಮಟ್ಟಿಗೆ ಎರಡೂ ಒಂದೇ ಚೀಲದಲ್ಲಿವೆ.

ಕಾನೂನು ಭಾರವನ್ನು ಅಳೆಯುತ್ತದೆ, ವೇಗವನ್ನು ಅಳೆಯುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ ಶಿಫಾರಸು ವಯಸ್ಕ ಗಂಡಸಿಗೆ 55 ಕೆ.ಜಿ. ಮಿತಿ ಹೇಳುತ್ತದೆ, ದಿನಕ್ಕೆ ಎಷ್ಟು ಸಲ ಅನ್ನುವುದಕ್ಕೆ ಅಂಕಿಯಿಲ್ಲ. ಪಕ್ಕದ ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾಯ್ದೆ ತಂದು ಹಮಾಲರ ನೋಂದಣಿ, ಕೂಲಿ, ಕಲ್ಯಾಣಕ್ಕೆ ಮಂಡಳಿಗಳನ್ನು ಕಟ್ಟಿತು. ಕರ್ನಾಟಕದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಪಟ್ಟಿಯಲ್ಲಿ ಹಮಾಲರಿದ್ದಾರೆ, ಅವರಿಗೆ ಗುರುತಿನ ಚೀಟಿ, ಅಪಘಾತ ಪರಿಹಾರ ಇದೆ. ಪರಿಹಾರ ಸಿಗುವುದು ಅಪಘಾತಕ್ಕೆ. ಇಪ್ಪತ್ತು ವರ್ಷ ಗಡಿಬಿಡಿಯಲ್ಲಿ ಎತ್ತಿ ಸವೆದ ಸೊಂಟ ಯಾವ ದಿನಾಂಕದ ಅಪಘಾತ ಅಂತ ಅರ್ಜಿಯಲ್ಲಿ ಬರೆಯೋದು?

ಚೀಲದ ತೂಕ ಇಳಿಸಲು ಆಗದು ಅನ್ನುವವರಿಗೆ ಯೂರಿಯಾ ಉದಾಹರಣೆ ಇದೆ. 2018ರಲ್ಲಿ ಕೇಂದ್ರ ಸರ್ಕಾರ ಯೂರಿಯಾ ಚೀಲವನ್ನು 50ರಿಂದ 45 ಕೆ.ಜಿ.ಗೆ ಇಳಿಸಿತು. ರೈತರು ಚೀಲದ ಲೆಕ್ಕದಲ್ಲಿ ಗೊಬ್ಬರ ಹಾಕುವುದರಿಂದ ಬಳಕೆ ಕಡಿಮೆಯಾಗಲಿ ಅನ್ನುವುದು ಉದ್ದೇಶ. ಹಮಾಲರ ಸೊಂಟ ಆ ಲೆಕ್ಕದಲ್ಲಿ ಇರಲಿಲ್ಲ, ಆದರೆ ಆದೇಶವೊಂದರಿಂದ ಚೀಲ ಸಣ್ಣದಾಗುತ್ತದೆ ಅನ್ನುವುದಂತೂ ಖಾತ್ರಿಯಾಯಿತು. ಇದರಲ್ಲೊಂದು ಸಿಕ್ಕು ಇದೆ. ನಾಳೆ ಎಲ್ಲ ಚೀಲಗಳನ್ನೂ 25 ಕೆ.ಜಿ. ಮಾಡಿ, ಹಮಾಲಿ ದರವನ್ನೂ ಅರ್ಧ ಮಾಡಿದರೆ, ಅದೇ ಕೂಲಿಗೆ ಎರಡು ಪಟ್ಟು ಸಲ ಬಗ್ಗಬೇಕು. ಭಾರ ಇಳಿದು ವೇಗ ಏರುತ್ತದೆ. ನಯೋಷ್ ಸೂತ್ರದಲ್ಲಿ ನಿಮಿಷಕ್ಕೆ 10 ಸಲ, ಎರಡು ಗಂಟೆಯ ಕೆಲಸ ಅಂತ ಹಾಕಿ ನೋಡಿದೆ: ಮಿತಿ 6 ಕೆ.ಜಿ. ಹಾಗಾಗಿ ಚೀಲದ ತೂಕದ ಬಗ್ಗೆ ಕೇಳುವವರು ಚೀಲದ ದರವನ್ನೂ ಅದೇ ಅರ್ಜಿಯಲ್ಲಿ ಕೇಳಬೇಕಾಗುತ್ತದೆ.